ಗೋಡೆಯ ಮೇಲಿನ ಇನ್ನೊಂದು ಹೆಸರು

ನಮ್ಮ ಅತ್ತೆ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಗೋಡೆ ನೋಡಿ. ಆ ಹೊತ್ತಿಗೆ ಅತ್ತೆ ಮನೆಯಲ್ಲಿ ಒಲೆ ಮುಂದೆ ಕೂತು, ಬಿಸಿ ಹಾಲಿನಲ್ಲಿ ಒಣಗಿದ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದರು.

ಏಪ್ರಿಲ್ ತಿಂಗಳ ಕೊನೆಯ ಗುರುವಾರ. ಬೆಳಗ್ಗೆ ಏಳಾಗಿರಲಿಲ್ಲ. ಉಪ್ಪು ಮುಗಿದಿತ್ತೆಂದು ನಾನು ಮೇಲಿನ ಬೀದಿಯ ಅಂಗಡಿಗೆ ಮೆಟ್ಟಿಲು ಹತ್ತುತ್ತಿದ್ದೆ. ನಲ್ಲಿಕಟ್ಟೆಯ ಹತ್ತಿರ ನಿಂತಿದ್ದ ಹೆಂಗಸರು ನನ್ನನ್ನು ಕಂಡದ್ದೇ ಮಾತು ನಿಲ್ಲಿಸಿದರು. ಪಕ್ಕದ ಮನೆಯ ಮಫಾಲ್ದಾ ಬಿಂದಿಗೆಯನ್ನು ಅಲ್ಲೇ ಕುಕ್ಕಿ ಓಡಿಬಂದು ನನ್ನ ಕುತ್ತಿಗೆಗೆ ಬಿದ್ದಳು.

"ಅಯ್ಯೋ ಮಿಕೆಲೀನಾ! ಒಂದು ಕೂಗು ಹಾಕಬಾರದಿತ್ತೇನೇ? ಗೋಡೆಗೆ ಗೋಡೆ ತಾಗಿದೆ ನಮ್ಮ ಮನೆ!"

"ಏನಾಯ್ತು ಅಂತ ಕೂಗಬೇಕಿತ್ತು?"

ಮಫಾಲ್ದಾ ನನ್ನ ಮುಖವನ್ನೇ ನೋಡಿದಳು. ಪಾಪ, ದುಃಖಕ್ಕೆ ಇವಳ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಗಲ್ಲ ಎತ್ತಿ ಎದುರು ಗೋಡೆ ತೋರಿಸಿದಳು.

ಊರಲ್ಲಿ ಯಾರಾದರೂ ಸತ್ತರೆ ಅಂಟಿಸುವ ಪೋಸ್ಟರು: ಕಪ್ಪು ಅಂಚು, ಮೇಲೊಂದು ಶಿಲುಬೆ. ಅಂಟು ಇನ್ನೂ ಒದ್ದೆಯಾಗಿತ್ತು. "ಕ್ರಿಸ್ತಪ್ರಸಾದ ಪಡೆದು ಶಾಂತಿಯಿಂದ ಕಣ್ಣು ಮುಚ್ಚಿದರು: ಜೆರಾರ್ದಾ, ದಿವಂಗತ ರೊಕ್ಕೊ ಅವರ ಪತ್ನಿ, ಎಪ್ಪತ್ತೆರಡು ವರ್ಷ. ದುಃಖದಿಂದ ತಿಳಿಸುವವರು: ಮಕ್ಕಳಾದ ಕಾನಿಯೊ ಮತ್ತು ದೊನಾತೊ ಪಸ್ಕಾರೆಲ್ಲಾ, ಸೊಸೆ ಮಿಕೆಲೀನಾ, ಮೊಮ್ಮಗಳು ದೀನಾ. ಅಂತ್ಯಕ್ರಿಯೆಯ ಸಮಯವನ್ನು ಮುಂದೆ ತಿಳಿಸಲಾಗುವುದು."

ಹತ್ತು ನಿಮಿಷದ ಹಿಂದೆ ನಾನೇ ಹಾಲು ಕಾಯಿಸಿಕೊಟ್ಟು ಬಂದ ಹೆಂಗಸು! ಬರುವಾಗ "ದಪ್ಪ ಉಪ್ಪು ತಾ, ಸಣ್ಣದು ತರಬೇಡ" ಎಂದು ಬಾಗಿಲ ತನಕ ಬಂದು ಹೇಳಿದ ಹೆಂಗಸು! ಉಪ್ಪೂ ಇಲ್ಲ ಗಿಪ್ಪೂ ಇಲ್ಲ, ಎರಡೆರಡು ಮೆಟ್ಟಿಲು ಹಾರಿಕೊಂಡು ಮನೆಗೆ ಓಡಿದೆ. ಅತ್ತೆ ಬಟ್ಟಲು ಎತ್ತಿ ಕೊನೆಯ ಗುಟುಕು ಕುಡಿಯುತ್ತಿದ್ದರು.

"ಅತ್ತೆ, ಗೋಡೆ ಮೇಲೆ ನಿಮ್ಮ ಸಾವಿನ ಪೋಸ್ಟರ್ ಅಂಟಿಸಿದ್ದಾರೆ!"

ಬೇರೆಯವರಾಗಿದ್ದರೆ ಕಿರುಚುತ್ತಿದ್ದರು, ಇಲ್ಲ ನಗುತ್ತಿದ್ದರು. ಅತ್ತೆ ಬಟ್ಟಲು ಕೆಳಗಿಟ್ಟು ಕೇಳಿದ್ದು ಒಂದೇ: "ಎಲ್ಲೆಲ್ಲಿ?"

"ಊರ ತುಂಬ."

"ಕಾಸ್ತೆಲ್‌ಬ್ರೂನೊದಲ್ಲಿ?"

"ಅಲ್ಲಿ ನಮಗ್ಯಾರಿದ್ದಾರೆ ಅತ್ತೆ? ಇಲ್ಲಿಂದ ಹನ್ನೆರಡು ಕಿಲೋಮೀಟರು!"

ಅತ್ತೆಯ ಮುಖ ಬಿಳುಚಿಕೊಂಡಿತು. ಏಳಲು ಹೋದವರು ಮತ್ತೆ ಕುರ್ಚಿಯಲ್ಲಿ ಕುಸಿದರು. ಗೋಡೆಯಲ್ಲಿ ತಾನು ಸತ್ತಿದ್ದೇನೆ ಅಂದರೆ ಯಾರಿಗಾದರೂ ಹೀಗೇ ಆಗುತ್ತದೆ ಬಿಡು ಎಂದುಕೊಂಡೆ. ಎಂಥ ದಡ್ಡಿ ನಾನು.

ಅಷ್ಟರಲ್ಲಿ ಪಾತ್ರೆಗಳು ಬರಲು ಶುರುವಾದವು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನೆರೆಹೊರೆ, ನೆಂಟರು ಸರದಿಯ ಮೇಲೆ ಊಟ ತರಬೇಕು. ಮೊದಲ ದಿನ ಕೋಳಿ ಸಾರು. ಒಂಬತ್ತು ಗಂಟೆಗೆ ಮಾವನ ಕಡೆಯ ನೆಂಟಳೊಬ್ಬಳು ಸಾರಿನ ಪಾತ್ರೆ ಹಿಡಿದು ಅಳುತ್ತ ಬಂದಳು; ಬಾಗಿಲು ತೆಗೆದದ್ದು ಸತ್ತವಳೇ. ಆಕೆ ಕಿರುಚಿದ ರಭಸಕ್ಕೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಹನ್ನೊಂದಕ್ಕೆ ಮಫಾಲ್ದಾ ಬಂದಳು, ಎರಡು ಸಲ ಶಿಲುಬೆಯ ಗುರುತು ಹಾಕಿಕೊಂಡು ಅತ್ತೆಯ ತೋಳು ಚಿವುಟಿ ನೋಡಿದಳು. ಸತ್ತವರ ಮನೆಗೆಂದು ಹೊರಟ ಅಡುಗೆಯನ್ನು ವಾಪಸು ಒಯ್ದರೆ ಸಾವನ್ನೇ ಮನೆಗೆ ಕರೆದುಕೊಂಡು ಹೋದ ಹಾಗೆ. ಆದ್ದರಿಂದ ಯಾರೂ ಪಾತ್ರೆ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಆರು ಪಾತ್ರೆ ಸಾರು, ಎರಡು ತಟ್ಟೆ ಚೀಸು, ಒಂದು ಬೇಯಿಸಿದ ಇಡೀ ಕೋಳಿ.

ನನ್ನ ಗಂಡ ಕಾನಿಯೊ ಊರ ಬಸ್ಸಿನ ಡ್ರೈವರು. ಬೆಳಗ್ಗೆ ಐದೂವರೆಗೆ ಅಮ್ಮ ಮಾಡಿಕೊಟ್ಟ ಕಾಫಿ ಕುಡಿದು, ಸ್ಕೂಲಿನ ಮಕ್ಕಳನ್ನೂ ಕೆಲಸದವರನ್ನೂ ಕೆಳಗಿನ ರೈಲ್ವೆ ಸ್ಟೇಷನ್ನಿಗೆ ಬಿಟ್ಟು, ಒಂದೂವರೆಗೆ ವಾಪಸು ಬರುತ್ತಾನೆ. ಅವತ್ತು ಅವನು ಹೊಟ್ಟೆ ಹಿಡಿದುಕೊಂಡು ನಗುತ್ತ ಒಳಗೆ ಬಂದ.

"ಹನ್ನೊಂದು ಜನ ಕೈ ಕುಲುಕಿದ್ರು! ಸ್ಟೇಷನ್ ಮಾಸ್ಟರು ಟೋಪಿ ತೆಗೆದ! ಅಮ್ಮಾ, ನೀನು ಸತ್ತದ್ದಕ್ಕೆ ನನಗೆಂಥ ಮರ್ಯಾದೆ ಗೊತ್ತಾ? ದಿನಾ ಸಾಯಿ ನೀನು!"

"ತಿನ್ನು, ಆರುತ್ತೆ," ಅಂದರು ಅತ್ತೆ.

"ಆ ಸಬಾತೀನೊಗೆ ಬುದ್ಧಿ ಕೆಟ್ಟಿದೆ. ಹೆಸರಿನ ಸಾಲಿನಲ್ಲೂ ಯಾರನ್ನೋ ತುರುಕಿದ್ದಾನಲ್ಲ, ಯಾರೋ ದೊನಾತೊ ಪಸ್ಕಾರೆಲ್ಲಾ, ನಮ್ಮ ಮನೆತನದ ಹೆಸರೂ ಅಲ್ಲ. ಹೋಗಿ ಅವನ ಕಿವಿ ಹಿಂಡ್ತೀನಿ. ಬಾ ಮಿಕೆಲೀನಾ."

ಅತ್ತೆ "ಹೋಗಬೇಡ" ಅಂದರು. ಅವನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಆದರೂ ಹೋದೆ.

ನಮ್ಮೂರಿನ ಸಾವಿನ ಪೋಸ್ಟರುಗಳನ್ನೆಲ್ಲ ಅಚ್ಚು ಹಾಕುವವನು ಸಬಾತೀನೊ. ನಲವತ್ತು ವರ್ಷದಲ್ಲಿ ಒಂದು ಸಾವೂ ಸೂರ್ಯ ಹುಟ್ಟುವ ಮುಂಚೆ ಗೋಡೆ ಸೇರದೆ ಉಳಿದಿಲ್ಲ ಅನ್ನುವುದು ಅವನ ಜಂಬ. ಅತ್ತೆ ಬದುಕಿದ್ದಾರೆಂದು ಅವನಿಗಾಗಲೇ ಗೊತ್ತಾಗಿ, ಅಂಗಡಿಯ ಮೂಲೆಯಲ್ಲಿ ಬೆವರುತ್ತ ಕೂತಿದ್ದ.

"ನನ್ನ ತಪ್ಪೇನು ಹೇಳು ಕಾನಿಯೊ? ನಿನ್ನೆ ಪಾದ್ರಿಗಳು, ಸಾಯೋರಿಗೆ ಕೊಡೋ ಹಾಗೆ, ಪ್ರಸಾದ ಹಿಡ್ಕೊಂಡು ನಿಮ್ಮ ಮನೆಗೆ ಬಂದ್ರಾ ಇಲ್ವಾ?"

"ಅಮ್ಮನಿಗೆ ಮೂರು ದಿನದಿಂದ ನೆಗಡಿ ಜ್ವರ. ಚರ್ಚಿಗೆ ಹೋಗೋಕಾಗಲಿಲ್ಲ ಅಂತ ಬಂದ್ರು."

"ಸಂಜೆ ನಿಮ್ಮ ಓಣಿಗೆ ಆಂಬುಲೆನ್ಸ್ ಬಂತಾ ಇಲ್ವಾ?"

"ಮಫಾಲ್ದಾ ಗಂಡ ಮೆಟ್ಟಿಲ ಮೇಲೆ ಜಾರಿ ಕಾಲು ಮುರ್ಕೊಂಡ!"

"ಎಂಟು ಗಂಟೆಗೆ ಹೆಂಗಸರ ಸಾವಿನ ಗಂಟೆ ಹೊಡೀತಾ ಇಲ್ವಾ?"

ಅದೂ ಹೊಡೆದಿತ್ತು. ನಮ್ಮೂರಿನ ಮುದುಕಿಯೊಬ್ಬಳು ದೂರದ ತೊರೀನೊ ಪಟ್ಟಣದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಿದ್ದಳು.

"ಪಾದ್ರಿ, ಆಂಬುಲೆನ್ಸು, ಗಂಟೆ. ಇನ್ನೇನು ಬೇಕು?" ಅಂದ ಸಬಾತೀನೊ.

"ಮನೆ ಬಾಗಿಲು ತಟ್ಟಿ ಒಂದು ಮಾತು ಕೇಳಬಾರದಾ ಮಾರಾಯ?"

"ಸಾವಿನ ಮನೆ ಬಾಗಿಲು ತಟ್ಟಿ 'ಸತ್ತರಾ?' ಅಂತ ಕೇಳೋದುಂಟೇನೋ? ನಾನು ಮರ್ಯಾದಸ್ಥ. ಅಚ್ಚು ತಯಾರಿತ್ತು, ವಯಸ್ಸು ತುಂಬಿಸಿದೆ, ಅಂಟಿಸಿದೆ."

"ತಯಾರಿತ್ತಾ?"

ಸಬಾತೀನೊ ನಾಲಿಗೆ ಕಚ್ಚಿಕೊಂಡ. ಆಮೇಲೆ ಖಾನೆಯಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. "ಮೂರು ವರ್ಷದ ಹಿಂದೆ ನಿಮ್ಮಮ್ಮನೇ ಬಂದು ಬರೆಸಿದ್ಲು. ದುಡ್ಡೂ ಕೊಟ್ಟಳು. ಹದಿನೈದು ಇಲ್ಲಿಗೆ, ಮೂರು ಕಾಸ್ತೆಲ್‌ಬ್ರೂನೊಗೆ. ಮಕ್ಕಳ ಹೆಸರು ಅವಳು ಹೇಳಿದ್ದೇ ಬರೆದದ್ದು. ನಾನ್ಯಾಕಪ್ಪ ಯಾರಿಗೋ ಮಗನನ್ನ ಹುಟ್ಟಿಸಲಿ?"

ಕೆಳಗೆ ಅತ್ತೆಯ ಸಹಿ ಇತ್ತು. ಪಿಂಚಣಿ ತರುವಾಗ ಮಾಡುವ ಅದೇ ಸೊಟ್ಟ ಸಹಿ. ಕಾನಿಯೊ ಅದನ್ನು ನೋಡುತ್ತಲೇ ನಿಂತ. ಅವನ ನಗು ಎಲ್ಲಿ ಹೋಯಿತೋ.

ರಾತ್ರಿಯ ಊಟಕ್ಕೆ ಅದೇ ಸಾವಿನ ಸಾರು. ನಮ್ಮ ಮಗಳು ದೀನಾ, ಇಪ್ಪತ್ತೆರಡು ವರ್ಷದವಳು, ಕೆಳಗಿನ ಪೇಟೆಯಲ್ಲಿ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ, ಜೂನ್ ಕೊನೆಗೆ ಮದುವೆ. ಅವಳೇ ಮೊದಲು ಬಾಯಿ ತೆರೆದಳು.

"ಅಜ್ಜಿ, ನಿಜ ಹೇಳು. ಯಾರು ಈ ದೊನಾತೊ?"

"ನನ್ನ ಮಗ."

ಉಪ್ಪು ಈ ಕಡೆ ಕೊಡು ಅನ್ನುವ ಹಾಗೆ ಹೇಳಿದರು. ನನ್ನ ಕೈಯ ಸೌಟು ಪಾತ್ರೆಯೊಳಗೆ ಬಿತ್ತು.

"ಯಾರ ಮಗ?" ಕಾನಿಯೊ ಕೇಳಿದ.

"ನನ್ನ ಮಗ ಅಂದೆನಲ್ಲ."

"ಅಪ್ಪ ಬೆಲ್ಜಿಯಂ ಗಣಿಯೊಳಗೆ ಐದು ವರ್ಷ ಕಲ್ಲಿದ್ದಲ ಧೂಳು ಕುಡೀತಾ ಇದ್ದ! ತಿಂಗಳು ತಿಂಗಳು ದುಡ್ಡು ಕಳಿಸ್ತಾ ಇದ್ದ! ಆಗ ನೀನಿಲ್ಲಿ... ಥೂ! ಮಗಳ ಮುಂದೆ ಹೇಳೋಕೂ ನಾಲಿಗೆ ಬರಲ್ಲ ನನಗೆ."

"ಕಾನಿಯೊ!" ಅಂದೆ ನಾನು.

"ನೀನು ಸುಮ್ನಿರು! ಅಪ್ಪ ಸತ್ತದ್ದೇ ವಾಸಿಯಾಯ್ತು. ಇದನ್ನೆಲ್ಲ ನೋಡಲಿಲ್ಲ ಪುಣ್ಯಾತ್ಮ."

ಅತ್ತೆ ಒಂದು ಸಲ ಬಾಯಿ ತೆರೆದರು. ಏನೋ ಹೇಳುವವರಿದ್ದರು, ನಾನು ಕಣ್ಣಾರೆ ಕಂಡೆ. ಮಗನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. "ಈ ಸಾರಿಗೆ ಉಪ್ಪು ಸಾಲದು. ನಾನು ಸತ್ತಿದ್ದಕ್ಕಾದ್ರೂ ಮಫಾಲ್ದಾ ಒಂದು ಚಿಟಿಕೆ ಹೆಚ್ಚಿಗೆ ಹಾಕಬಾರದಿತ್ತಾ," ಎಂದು ತಟ್ಟೆ ಎತ್ತಿಕೊಂಡು ಎದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ರಾತ್ರಿಯಿಂದ ಕಾನಿಯೊ ಅಮ್ಮನ ಜೊತೆ ಮಾತು ಬಿಟ್ಟ. ಒಂದೇ ಅಡುಗೆಮನೆ, ಒಂದೇ ಮೇಜು, ನಡುವೆ ನಾನೊಬ್ಬಳು ಟೆಲಿಫೋನು.

"ನಿನ್ನ ಅತ್ತೆಗೆ ಹೇಳು, ನನ್ನ ಅಂಗಿ ಅವಳು ಒಗೆಯೋದು ಬೇಡ."

"ನಿನ್ನ ಗಂಡನಿಗೆ ಹೇಳು, ಒಗೆದು ಒಣಹಾಕಿಯೂ ಆಯ್ತು."

"ನಿನ್ನ ಅತ್ತೆಗೆ ಹೇಳು..."

"ನಿಮ್ಮಿಬ್ಬರಿಗೂ ನಾನೇ ಹೇಳ್ತೀನಿ, ಇಬ್ಬರಿಗೂ ಕಿವಿ ಇದೆ! ನನಗೆ ಬೇರೆ ಕೆಲಸ ಇಲ್ವಾ?"

ನಮ್ಮ ಮನೆಯಲ್ಲಿ ಹತ್ತು ದಿನಕ್ಕೊಮ್ಮೆ ರೊಟ್ಟಿ ಸುಡುವುದು. ಹಿಟ್ಟು ಕಲಸುವುದು ಅತ್ತೆ, ಹಲಗೆಯ ಮೇಲಿಟ್ಟುಕೊಂಡು ಬೀದಿಗೆಲ್ಲ ಒಂದೇ ಆದ ದೊಡ್ಡ ಒಲೆಗೆ ಹೊರುವುದು ನಾನು. ಉಬ್ಬಿದ ದಪ್ಪ ರೊಟ್ಟಿ, ಒಂದೊಂದು ಮೂರು ಕಿಲೋ ತೂಗುತ್ತದೆ. ಹುಟ್ಟಿದಾರಭ್ಯ ಅದನ್ನೇ ತಿಂದು ಬೆಳೆದ ಕಾನಿಯೊ ಈಗ ಅಮ್ಮನ ಕೈಯ ರೊಟ್ಟಿ ಮುಟ್ಟುವುದಿಲ್ಲ ಎಂದು ಪೇಟೆಯಿಂದ ಪ್ಲಾಸ್ಟಿಕ್ ಚೀಲದ ಬ್ರೆಡ್ಡು ತಂದ. ಅತ್ತೆ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಗಾಯಕ್ಕೆ ಕಟ್ಟೋಕೆ ಚೆನ್ನಾಗಿದೆ," ಅಂದರು. ಸಂಜೆಯಾದರೆ ಇವನು ಅಪ್ಪನ ಫೋಟೋದ ಮುಂದೆ ದೀಪ ಹಚ್ಚಿ, "ಪಾಪ ನನ್ನಪ್ಪ, ದೇವರಂಥ ಮನುಷ್ಯ," ಎಂದು ಅತ್ತೆಗೆ ಕೇಳಿಸುವ ಹಾಗೆ ಹೇಳುತ್ತಿದ್ದ. ಅತ್ತೆ ಬೆಳಗ್ಗೆ ಎದ್ದು ಆ ಫೋಟೋದ ಧೂಳು ಒರೆಸುತ್ತಿದ್ದರು, ಅಷ್ಟೆ. ನನಗೆ ಆ ಮೌನ ಕಂಡರೆ ಮೈ ಉರಿಯುತ್ತಿತ್ತು. ಹೌದು ಅನ್ನಲಿ, ಇಲ್ಲ ಅನ್ನಲಿ, ಕ್ಷಮಿಸು ಅನ್ನಲಿ, ಏನಾದರೂ ಅನ್ನಬಾರದೇ!

ಗೋಡೆಯ ಮೇಲಿನ ಪೋಸ್ಟರು ಹಾಗೇ ಇತ್ತು. ಸತ್ತವರ ಹೆಸರನ್ನು ಯಾರೂ ಹರಿಯುವುದಿಲ್ಲ, ಮಳೆ ತೊಳೆಯಬೇಕು ಅಥವಾ ಇನ್ನೊಬ್ಬರ ಸಾವು ಮುಚ್ಚಬೇಕು. ಒಂದು ಸಂಜೆ ಕಾನಿಯೊ ಗೋಡೆ ಕೆರೆಯುವ ಕರಣೆ ಹಿಡಿದು ಹೋದ. ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಮುದುಕರು ಎದ್ದು ನಿಂತು ಟೋಪಿ ತೆಗೆದರಂತೆ. ಇವನು ಕರಣೆಯನ್ನು ಜೇಬಿಗೆ ಹಾಕಿಕೊಂಡು ವಾಪಸು ಬಂದ.

ಅವನ ಹೆದರಿಕೆ ದೀನಾಳ ಮದುವೆಯದು. ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೋ ಎಂದು ನಿದ್ದೆ ಬಿಟ್ಟಿದ್ದ. ನಾಲ್ಕನೆಯ ಭಾನುವಾರ ಹುಡುಗನ ತಾಯಿ ಬಂದಳು. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಆಕೆ ಬಿಸ್ಕತ್ತು ತಿಂದು, ಕಾಫಿ ಕುಡಿದು, ಕೈಚೀಲದಿಂದ ಪಟ್ಟಿ ತೆಗೆದಳು.

"ಆ ಇನ್ನೊಬ್ಬ ಮಗ ಒಬ್ಬರೇ ಬರ್ತಾರಾ, ಸಂಸಾರ ಸಮೇತಾನಾ? ಮದುವೆಗೆ ಬಂದವರಿಗೆ ಹಂಚೋ ಸಕ್ಕರೆ ಬಾದಾಮಿಯ ಡಬ್ಬಿಗೆ ಆರ್ಡರ್ ಕೊಡಬೇಕು."

ದೀನಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಕಾನಿಯೊ ಮಾತ್ರ ಆಕೆ ಹಂಗಿಸಲೆಂದೇ ಕೇಳಿದ್ದು ಎಂದು ಹಟ ಹಿಡಿದ. ಆ ವಾರವೇ ಕೆಳಗಿನ ಪೇಟೆಯಲ್ಲಿ, ನಮ್ಮನ್ನು ಯಾರೂ ಅರಿಯದ ಪ್ರೆಸ್ಸಿನಲ್ಲಿ, ಹೊಸ ಪೋಸ್ಟರು ಮಾಡಿಸಿಕೊಂಡು ಬಂದ. ಊಟದ ಮೇಜಿನ ಮೇಲೆ ಹರವಿ ಗಟ್ಟಿಯಾಗಿ ಓದಿದ.

"ಜೆರಾರ್ದಾ ದೇವರ ದಯೆಯಿಂದ ಆರೋಗ್ಯವಾಗಿದ್ದಾರೆ. ಅಚ್ಚಿನ ತಪ್ಪಿನಿಂದ ಮಕ್ಕಳ ಸಾಲಿನಲ್ಲಿ ಸಂಬಂಧವಿಲ್ಲದ ಹೆಸರೊಂದು ಸೇರಿದೆ. ಕಾನಿಯೊ ಅವರ ಒಬ್ಬನೇ ಮಗ."

ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಕೈ ನಿಂತಿತು.

"ಕಾನಿಯೊ," ಅಂದರು. ಮೂರು ವಾರದ ಮೇಲೆ ಮೊದಲ ಸಲ ನೇರವಾಗಿ ಕರೆದದ್ದು. "ಈ ಊರಲ್ಲಿ ಬೇಕಾದಷ್ಟು ಅಂಟಿಸ್ಕೋ. ಕಾಸ್ತೆಲ್‌ಬ್ರೂನೊದಲ್ಲಿ ಬೇಡ. ಅವನು ಓದ್ತಾನೆ."

"ಓದಲಿ ಅಂತಲೇ ಅಂಟಿಸೋದು."

"ಬೇಡ ಮಗಾ. ಕಾಲಿಗೆ ಬೀಳ್ತೀನಿ. ಒಂದು ಸಲ ಅವನನ್ನ ಕೊಟ್ಟು ಕಳಿಸಿದೆ. ಸಂಬಂಧವಿಲ್ಲದವನು ಅಂತ ಇನ್ನೊಂದು ಸಲ ಕಳಿಸೋಕೆ ನನ್ನ ಕೈಲಾಗಲ್ಲ."

ನನ್ನ ಅತ್ತೆ ಯಾರ ಕಾಲಿಗೂ ಬೀಳುವ ಹೆಂಗಸಲ್ಲ. ಜಮೀನ್ದಾರನ ಮೇಸ್ತ್ರಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ಕೂಲಿ ಕೇಳಿದವರು.

"ಅವರು ಅಷ್ಟು ಹೇಳಿದ ಮೇಲೂ ಅಂಟಿಸಿದರೆ ನೀನು ಮನುಷ್ಯನಲ್ಲ," ಅಂದೆ ಗಂಡನಿಗೆ.

"ನಿನ್ನ ಅತ್ತೆಗೆ ಹೇಳು, ಶನಿವಾರ ಅಂಟಿಸ್ತೀನಿ," ಅಂದ ಅವನು.

ಶನಿವಾರ ಬಂತು, ಅವತ್ತು ಸಂಜೆಯ ಬಸ್ಸೂ ಅವನದೇ. ಅಂಟಿನ ಬಕೆಟ್ಟು, ಬ್ರಷ್ಷು, ಪೋಸ್ಟರಿನ ಕಟ್ಟು ಎಲ್ಲ ಬಸ್ಸಿನಲ್ಲಿ ಇಟ್ಟುಕೊಂಡೇ ಹೋದ. ಸಾಯಂಕಾಲ ನಾಲ್ಕರ ಬಸ್ಸು ಸ್ಟೇಷನ್ನಿನಿಂದ ಬರುವಾಗ ಕಾಸ್ತೆಲ್‌ಬ್ರೂನೊದ ಚೌಕದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅಲ್ಲಿ ನಡೆದದ್ದನ್ನು ಅವನು ನನಗೆ ಹೇಳಿದ್ದು ಬಹಳ ದಿನದ ಮೇಲೆ, ಅದೂ ತುಂಡು ತುಂಡಾಗಿ.

ಬಕೆಟ್ಟು ಹಿಡಿದು ಇಳಿದನಂತೆ. ಅತ್ತೆಯ ಪೋಸ್ಟರಿನ ಮುಂದೆ ಎತ್ತರದ ಆಸಾಮಿಯೊಬ್ಬ ನಿಂತಿದ್ದನಂತೆ, ಕಪ್ಪು ಕೋಟು, ಕಪ್ಪು ಟೈ, ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಡ್ರೈವರನ್ನು ನೋಡಿ ಕೇಳಿದನಂತೆ:

"ಸ್ವಾಮಿ, ಇವರು ತೀರಿಕೊಂಡು ತಿಂಗಳಾದ ಪೂಜೆ ಇವತ್ತು ಇರಬೇಕಲ್ವಾ? ನಿಮ್ಮೂರಲ್ಲಿ ಎಷ್ಟು ಗಂಟೆಗೆ?"

"ಯಾರು ನೀವು?"

ಆ ಮನುಷ್ಯ ಗೋಡೆಯತ್ತ ಬೆರಳು ತೋರಿಸಿದನಂತೆ. "ಅದರಲ್ಲಿ ನನ್ನ ಹೆಸರಿದೆ."

ಕಾನಿಯೊ ಬಕೆಟ್ಟನ್ನು ಬಸ್ಸಿನೊಳಕ್ಕೆ ಇಟ್ಟು, "ಹತ್ತಿ," ಅಂದನಂತೆ. ದಾರಿಯುದ್ದಕ್ಕೂ ಅವನಿಗೆ ಏನೂ ಹೇಳಲಿಲ್ಲ. ಸತ್ತಿಲ್ಲ ಅಂತಲೂ ಹೇಳಲಿಲ್ಲ. ಯಾಕೆ ಅಂದರೆ, "ಬಾಯಿ ಬರಲಿಲ್ಲ ಕಣೇ," ಅನ್ನುತ್ತಾನೆ.

ನಾನೂ ಅತ್ತೆಯೂ ಮೇಜಿನ ಮುಂದೆ ಕೂತು ಭಾನುವಾರಕ್ಕೆ ಪಾಸ್ತಾ ಮಾಡುತ್ತಿದ್ದೆವು. ದೀನಾ ಮದುವೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲು ತೆರೆಯಿತು. ಕಾನಿಯೊ ಹಿಂದೆ ಆ ಮನುಷ್ಯ ತಲೆ ಬಗ್ಗಿಸಿ ಒಳಗೆ ಬಂದ. ಕಪ್ಪು ಟೈ ನೋಡಿಯೇ ಇವನು ಯಾರೆಂದು ಊಹಿಸಿದೆ.

ಅವನು ಪೊಟ್ಟಣವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಒಂದು ಕಿಲೋ ಸಕ್ಕರೆ, ಕಾಲು ಕಿಲೋ ಕಾಫಿಪುಡಿ, ಸಾವಿನ ಮನೆಗೆ ಬರಿಗೈಯಲ್ಲಿ ಬರಬಾರದೆಂದು ತರುವುದು. "ನೀವು ಸೊಸೆ ಇರಬೇಕು. ತಡವಾಗಿ ಬಂದೆ, ಮಣ್ಣಿಗೂ ಬರೋಕಾಗಲಿಲ್ಲ, ಕ್ಷಮಿಸಿ. ಪೋಸ್ಟರ್ ನೋಡಿದ ದಿನದಿಂದ ನಮ್ಮಮ್ಮನನ್ನ ಕೇಳ್ತಾನೇ ಇದ್ದೆ. ಅವರಿಗೆ ಎಂಬತ್ತನಾಲ್ಕು. ಬಾಯಿ ಬಿಡೋಕೆ ಒಂದು ತಿಂಗಳು ಹಿಡೀತು."

ಅತ್ತೆ ಎದ್ದು ನಿಂತಿದ್ದರು. ಮೊಣಕೈ ತನಕ ಹಿಟ್ಟು.

"ದೊನಾತೊ," ಅಂದರು.

ಅವನು ಮರ್ಯಾದೆಯಿಂದ ತಲೆ ಬಾಗಿಸಿದ. "ನೀವು ಅವರ ತಂಗಿಯಾ ಅಮ್ಮ?"

"ಅಲ್ಲಪ್ಪ. ನಾನೇ ಅದು."

ದೇವರೇ, ಆ ಮುಖ! ಐವತ್ತು ವರ್ಷದ ಗಂಡಸು, ಬಾಗಿಲಿನಷ್ಟು ಎತ್ತರ, ಗೋಡೆ ಹಿಡಿದುಕೊಂಡು ನಿಂತ. ನಾನು ಕುರ್ಚಿ ಎಳೆದು ಕೂರಿಸಿದೆ. ದೀನಾ ಇಸ್ತ್ರಿಪೆಟ್ಟಿಗೆಯನ್ನು ಹೊದಿಕೆಯ ಮೇಲೇ ಬಿಟ್ಟು ಬಂದಳು, ಸುಟ್ಟ ವಾಸನೆ ಬಂದ ಮೇಲೆ ಓಡಿದಳು. ಸಬಾತೀನೊನ ಕಥೆಯನ್ನು ನಾನೇ ತಡವರಿಸುತ್ತ ಹೇಳಿದೆ. ಪಾದ್ರಿ, ಆಂಬುಲೆನ್ಸು, ಗಂಟೆ. ಅವನು ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ಅತ್ತೆಯನ್ನೇ ನೋಡುತ್ತಿದ್ದ.

ಕಾನಿಯೊ ಬಾಗಿಲಲ್ಲೇ ನಿಂತಿದ್ದ. "ಈಗ ಹೇಳು ಅಮ್ಮ. ಇವರ ಮುಂದೆಯೇ ಹೇಳು. ಅಪ್ಪ ಬೆಲ್ಜಿಯಂನಲ್ಲಿದ್ದಾಗ ತಾನೆ? ಯಾವ ವರ್ಷ ಹುಟ್ಟಿದ್ದು ನೀವು?"

"ನಲವತ್ತೆಂಟು," ಅಂದ ದೊನಾತೊ. "ನವೆಂಬರ್ ಹನ್ನೊಂದು."

ಸಂತ ಮಾರ್ತೀನನ ದಿನ. ಪ್ರತಿ ವರ್ಷ ಅವತ್ತೇ ನಾವು ಹೊಸ ವೈನಿನ ಪೀಪಾಯಿ ತೆರೆಯುವುದು, ಅವತ್ತೇ ನಾನು ಕಾನಿಯೊಗೆ ಹುಟ್ಟುಹಬ್ಬದ ಕೇಕು ಮಾಡುವುದು. ಮಾವ ಬೆಲ್ಜಿಯಂಗೆ ಹೋದದ್ದು ಅದಾಗಿ ಮೂರು ವರ್ಷಕ್ಕೆ.

"ಅಪ್ಪಾ," ದೀನಾ ಪಿಸುಗುಟ್ಟಿದಳು, "ಅದು ನೀನು ಹುಟ್ಟಿದ ದಿನ."

ಕಾನಿಯೊನ ಮುಖದಿಂದ ರಕ್ತವೆಲ್ಲ ಇಳಿದಿತ್ತು.

"ಜಮೀನ್ದಾರನ ಕೊಟ್ಟಿಗೆಯಲ್ಲಿ ಇದ್ವಿ," ಅಂದರು ಅತ್ತೆ. ಮೇಜಿನ ಮೇಲಿದ್ದ ಹಿಟ್ಟನ್ನು ಬೆರಳಲ್ಲಿ ಕೂಡಿಸುತ್ತ ಹೇಳಿದರು, ಯಾರ ಮುಖವನ್ನೂ ನೋಡಲಿಲ್ಲ. "ಊರಿಂದ ಮೂರು ಗಂಟೆಯ ದಾರಿ. ಒಂದೇ ರಾತ್ರಿ ಇಬ್ಬರು ಬಂದ್ರಿ. ನಾನು ಆ ವರ್ಷವೆಲ್ಲ ತಿಂದದ್ದು ಕಾಡುಸೊಪ್ಪು. ಒಬ್ಬನಿಗೇ ಹಾಲು ಸಾಲದು. ಸೂಲಗಿತ್ತಿ ಅಂದ್ಲು, ಇಬ್ಬರನ್ನೂ ಇಟ್ಟುಕೊಂಡ್ರೆ ಇಬ್ಬರೂ ಹೋಗ್ತಾರೆ, ಕಾಸ್ತೆಲ್‌ಬ್ರೂನೊದಲ್ಲಿ ಮಕ್ಕಳಿಲ್ಲದ ದಂಪತಿ ಇದ್ದಾರೆ, ಒಳ್ಳೆಯವರು, ಎರಡು ಹಸು ಇದೆ. ಮೂರನೆಯ ದಿನ ಕರ್ಕೊಂಡು ಬಂದ್ಲು. ನಿನ್ನಪ್ಪನೇ ದೀಪ ಹಿಡಿದು ನಿಂತಿದ್ದ ಕಾನಿಯೊ. ಆ ಫೋಟೋದ ಮುಂದೆ ನೀನು ಹಚ್ತೀಯಲ್ಲ, ಅಂಥದೇ ಒಂದು ದೀಪ."

"ನನ್ನನ್ನ ನೋಡೋಕೆ ಒಂದು ಸಲವೂ ಬರಬೇಕು ಅನ್ನಿಸಲಿಲ್ವಾ?" ದೊನಾತೊ ಕೇಳಿದ.

"ಪ್ರತಿ ವರ್ಷ ಬಂದೆ. ನಿಮ್ಮೂರಿನ ಸಾಂತಾ ಲುಚೀಯಾ ಹಬ್ಬಕ್ಕೆ, ನಡ್ಕೊಂಡು. ನಿನ್ನ ಮದುವೆಯ ದಿಬ್ಬಣಾನೂ ನೋಡಿದೆ. ನಾನು ಬದುಕಿರೋ ತನಕ ನಿನ್ನನ್ನ ನನ್ನ ಮಗ ಅನ್ನಲ್ಲ ಅಂತ ಶಿಲುಬೆ ಮುಟ್ಟಿ ಆಣೆ ಮಾಡಿದ್ದೆ. ಸತ್ತ ಮೇಲೆ ಹೇಳಬಾರದು ಅಂತ ಆಣೆ ಇರಲಿಲ್ಲ. ಅದಕ್ಕೇ ಸಬಾತೀನೊ ಹತ್ರ ಹೋದೆ."

"ಒಂದು ತಿಂಗಳಿಂದ ಒಂದೇ ಯೋಚನೆ ನನಗೆ," ಅಂದ ದೊನಾತೊ. "ನಾನು ಬೇಡವಾದವನು, ಅದಕ್ಕೇ ಕೊಟ್ರು ಅಂತ."

ಆಗ ಕಾನಿಯೊ ಎರಡು ಹೆಜ್ಜೆ ಮುಂದೆ ಬಂದ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಮಗುವಿನ ದನಿ.

"ಹಾಗಾದ್ರೆ ನನ್ನನ್ನ ಯಾಕಮ್ಮ ಇಟ್ಟುಕೊಂಡೆ?"

"ಅದನ್ನ ಕೇಳಬೇಡ."

"ಇಬ್ಬರಲ್ಲಿ ನನ್ನನ್ನೇ ಯಾಕೆ? ಹೇಳು."

"ಕಾನಿಯೊ, ಬೇಡ ಅಂದೆ."

"ಹೇಳು!"

ಅತ್ತೆ ಹಿಟ್ಟು ಕೂಡಿಸುವುದನ್ನು ನಿಲ್ಲಿಸಿದರು. "ನಾನೆಲ್ಲಿ ಇಟ್ಟುಕೊಂಡೆನೋ," ಅಂದರು. "ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ ಮಲಗಿಸಿದ್ವಿ. ಯಾರನ್ನಾದ್ರೂ ತಗೊಳ್ಳಿ ಅಂದ ನಿನ್ನಪ್ಪ. ತಗೊಳ್ಳೋಕೆ ಬಂದ ಹೆಂಗಸು ಮೊದಲು ನಿನ್ನನ್ನೇ ಎತ್ತಿಕೊಂಡದ್ದು. ನಿನ್ನ ತುಟಿ ನೀಲಿಗಟ್ಟಿತ್ತು, ಅಳೋಕೂ ಶಕ್ತಿ ಇರಲಿಲ್ಲ. ಇದು ಭಾನುವಾರದ ತನಕ ಉಳಿಯೋ ಕೂಸಲ್ಲ ಅಂತ ತಿರುಗಿ ಬುಟ್ಟಿಗೆ ಹಾಕಿದ್ಲು. ಅವನನ್ನ ತಗೊಂಡು ಹೋದ್ರು."

ಒಲೆಯ ಮೇಲೆ ನೀರು ಕುದಿದು ಉಕ್ಕುತ್ತಿತ್ತು. ಯಾರೂ ಏಳಲಿಲ್ಲ. ನನಗೆ ಆಗ ಹೊಳೆಯಿತು. ಮೊದಲ ರಾತ್ರಿಯೇ ಒಂದು ಮಾತು ಹೇಳಿದ್ದರೆ ಅತ್ತೆಯ ಮೇಲಿನ ಅಪವಾದ ಹೋಗುತ್ತಿತ್ತು. ಒಂದು ತಿಂಗಳು ಹೆತ್ತ ಮಗನ ಬಾಯಿಂದ ಬರಬಾರದ ಮಾತೆಲ್ಲ ಕೇಳಿಕೊಂಡು, ಅವನ ಅಂಗಿ ಒಗೆದುಕೊಂಡು, ಈ ಹೆಂಗಸು ಬಾಯಿ ಬಿಡಲಿಲ್ಲ.

ಕಾನಿಯೊಗೂ ಹೊಳೆದಿರಬೇಕು. ತಡೆತಡೆದು ಕೇಳಿದ. "ನಾನು ಅಷ್ಟೆಲ್ಲ ಬೈದೆ. ಆಗಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಿನಗೆ ನೋವಾಗ್ತಿತ್ತು," ಅಂದರು ಅತ್ತೆ. "ನೀನು ಬೈತಾ ಇದ್ದದ್ದು ನನ್ನನ್ನ ತಾನೆ. ಬೈಕೊಳ್ಳಲಿ ಅಂತ ಸುಮ್ನಿದ್ದೆ."

ನನ್ನ ಗಂಡ ಹಿಟ್ಟು ಮೆತ್ತಿದ ಆ ಎರಡು ಕೈಗಳನ್ನೂ ಹಿಡಿದುಕೊಂಡು, ಹೊಸಬರೊಬ್ಬರು ನೋಡುತ್ತಿದ್ದಾರೆಂಬ ನಾಚಿಕೆಯೂ ಇಲ್ಲದೆ, ಗಟ್ಟಿಯಾಗಿ ಅತ್ತುಬಿಟ್ಟ.